ಬೀದರ ಸೀಮೆಯ ಮನೆತನಗಳ ವಿಹಾರಯಾತ್ರೆಗಳು

ಅರಸರ ವಂಶಾವಳಿಯನ್ನೂ ಯುದ್ಧಗಳ ಪಟ್ಟಿಯನ್ನೂ ಓದಿ ಮುಗಿಸಿದವರಿಗೆ ಒಂದು ನಗರದ ಇತಿಹಾಸವೆಲ್ಲ ತಿಳಿದಂತಾಯಿತೆಂದು ತೋರುವದು ಸಹಜ. ಆದರೆ ಆ ನಗರದಲ್ಲಿ ಬಾಳಿದ ಜನರು ಬೆಳಗಾಗುತ್ತಲೆ ಎಲ್ಲಿಂದ ನೀರು ತಂದರು, ಬಿಸಿಲಿನ ಹೊತ್ತಿನಲ್ಲಿ ಯಾವ ನೆರಳಿನಲ್ಲಿ ಕುಳಿತರು, ಹಬ್ಬದ ದಿನ ಹೆಂಡಿರು ಮಕ್ಕಳೊಡನೆ ಯಾವ ದಾರಿ ಹಿಡಿದು ಊರ ಹೊರಗೆ ಹೋದರು ಎಂಬದು ತಿಳಿಯದಿದ್ದರೆ ಆ ಜ್ಞಾನವು ಅರ್ಧವೇ ಸರಿ. ಗೋಡೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುವದು. ಆ ಗೋಡೆಯ ಬಾಗಿಲಿನಿಂದ ಬುತ್ತಿಯ ಗಂಟು ಹೊತ್ತು ಹೊರಬಿದ್ದ ತಾಯಿಯ ಹೆಸರು ಎಲ್ಲಿಯೂ ಉಳಿಯುವದಿಲ್ಲ. ಆದರೂ ನಾಡಿನ ಆಡಳಿತವು ನೆಟ್ಟಗೆ ನಡೆಯಿತೊ ಇಲ್ಲವೊ ಎಂಬದನ್ನು ಅಳೆಯಲು ಆ ತಾಯಿಯ ಪ್ರಯಾಣವು ಒಳ್ಳೆಯ ಅಳತೆಗೋಲಾಗಿದೆ. ಹೆಂಗಸರೂ ಮಕ್ಕಳೂ ಅಂಜಿಕೆಯಿಲ್ಲದೆ ಒಂದು ದಿನವನ್ನು ಊರ ಹೊರಗೆ ಕಳೆದು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳಬಲ್ಲರಾದರೆ, ಆ ನಾಡಿನಲ್ಲಿ ನೀರಿದೆ, ಅನ್ನವಿದೆ, ನೆರೆಹೊರೆಯವರಲ್ಲಿ ಪರಸ್ಪರ ವಿಶ್ವಾಸವಿದೆ ಎಂದು ತಿಳಿಯಬೇಕು. ಬೀದರ ಸೀಮೆಯ ಕಥೆಯನ್ನು ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸುವದು ಉಚಿತವಾಗಿದೆ.

ಬೀದರವೆಂಬ ಹೆಸರಿಗೆ ಬಿದಿರೇ ಮೂಲವೆಂದು ಕೆಲವರು ಹೇಳುವರು. ಮಹಾಭಾರತದ ವಿದುರನಿಗೂ ಈ ಊರಿಗೂ ಸಂಬಂಧ ಕಲ್ಪಿಸಿ ವಿದುರನಗರವೆಂದು ಕರೆಯುವವರೂ ಉಂಟು. ಬಹಮನಿ ಮನೆತನದ ಒಂದನೆಯ ಅಹಮದ ಶಹನು (1422–1436) ಗುಲಬರ್ಗೆಯಿಂದ ತನ್ನ ರಾಜಧಾನಿಯನ್ನು ಇಲ್ಲಿಗೆ ತಂದ ಬಗ್ಗೆ ಒಂದು ರಂಜಕವಾದ ಕಥೆಯಿದೆ. ಅರಸನು ಬೇಟೆಗೆಂದು ಈ ಭಾಗಕ್ಕೆ ಬಂದಾಗ, ಬೆನ್ನಟ್ಟಿದ ಬೇಟೆನಾಯಿಗೆ ನರಿಯೊಂದು ತಿರುಗಿ ನಿಂತಿತಂತೆ. ಇಂಥ ಧೈರ್ಯ ಕೊಡುವ ಮಣ್ಣೇ ರಾಜಧಾನಿಗೆ ತಕ್ಕದ್ದೆಂದು ಅವನು ನಿಶ್ಚಯಿಸಿದನಂತೆ. ಇಂಥ ಕಥೆಗಳು ಇತರ ರಾಜಧಾನಿಗಳ ಬಗೆಗೂ ಪ್ರಚಲಿತವಾಗಿರುವದರಿಂದ ಇದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ಜನರ ನೆನಪಿನಲ್ಲಿ ಈ ನಗರವು ಒಂದು ವಿಹಾರದಿಂದಲೇ ಹುಟ್ಟಿತೆಂಬದು ಗಮನಿಸತಕ್ಕ ಸಂಗತಿಯಾಗಿದೆ.

ಕಥೆ ಹೇಗೇ ಇರಲಿ, ಸ್ಥಳದ ಆಯ್ಕೆಗೆ ಬಲವಾದ ಕಾರಣಗಳಿದ್ದವು. ಬೀದರವು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿರುವದು. ಈ ಕಲ್ಲು ನೆಲದಲ್ಲಿರುವಾಗ ಮೆತ್ತಗಿದ್ದು ಸುಲಭವಾಗಿ ಅಗೆಯಲು ಬರುವದು. ಗಾಳಿಗೆ ಬಂದಮೇಲೆ ಗಟ್ಟಿಯಾಗುವದು. ಕೋಟೆಯ ಮೂರು ಸಾಲಿನ ಕಂದಕವನ್ನು ಇದರಲ್ಲಿಯೇ ಕೊರೆದಿರುವರು. ಇದರ ಇನ್ನೊಂದು ಗುಣವು ಇನ್ನೂ ಮುಖ್ಯವಾದದ್ದು. ಮಳೆಯ ನೀರು ಈ ರಂಧ್ರಮಯವಾದ ಕಲ್ಲಿನೊಳಗೆ ಇಳಿದು, ಕೆಳಗಿನ ಜೇಡಿಯ ಪದರಿನ ಮೇಲೆಯೂ ಕರಿಯ ಬಂಡೆಯ ಮೇಲೆಯೂ ನಿಂತು, ಮೆಲ್ಲನೆ ಹರಿಯುತ್ತ ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬೀಳುವದು. ಬೀದರದ ಸುತ್ತಲಿರುವ ಪವಿತ್ರ ಜಲಸ್ಥಾನಗಳೆಲ್ಲ ಈ ಅಂಚಿನಲ್ಲಿಯೇ ಇರುವದು ಆಕಸ್ಮಿಕವಲ್ಲ. ಒಂದೇ ಭೂಗರ್ಭದ ನೀರು ಒಂದು ಕಡೆ ನರಸಿಂಹನ ಪಾದ ತೊಳೆಯುವದು; ಇನ್ನೊಂದು ಕಡೆ ಶಿವನ ಕುಂಡವಾಗುವದು; ಮತ್ತೊಂದು ಕಡೆ ಗುರು ನಾನಕರ ಹೆಸರನ್ನು ಹೊತ್ತಿರುವದು. ಊರ ಜನರ ವಿಹಾರದ ದಾರಿಗಳನ್ನೆಲ್ಲ ಈ ನೀರೇ ಗೊತ್ತುಮಾಡಿತು.

ಬಹಮನಿಯರ ಕಾಲದ ವಿಹಾರವು ಹೇಗಿತ್ತೆಂಬದಕ್ಕೆ ಪರದೇಶದವನೊಬ್ಬನ ಸಾಕ್ಷ್ಯವು ಸುದೈವದಿಂದ ಉಳಿದಿದೆ. ರಶಿಯಾ ದೇಶದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿಯು 1470ರ ಸುಮಾರಿಗೆ ಒಂದು ಕುದುರೆಯನ್ನು ಮಾರುವ ಆಸೆಯಿಂದ ದಖ್ಖನಕ್ಕೆ ಬಂದು, ಕೆಲಕಾಲ ಬೀದರದಲ್ಲಿ ತಂಗಿದ್ದನು. ಆಗ ಮೂರನೆಯ ಮುಹಮ್ಮದ ಶಹನು ಚಿಕ್ಕ ಪ್ರಾಯದ ಸುಲ್ತಾನ. ಆಡಳಿತದ ಸೂತ್ರವು ಮಹಮೂದ ಗವಾನನ ಕೈಯಲ್ಲಿತ್ತು. ಅರಮನೆಗೆ 7 ಬಾಗಿಲುಗಳಿದ್ದವೆಂದೂ, ಬಾಗಿಲು ಬಾಗಿಲಿಗೆ ಕಾವಲುಗಾರರೂ ಬರಹಗಾರರೂ ಕುಳಿತು ಬಂದವರ ಹೋದವರ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದರೆಂದೂ, ರಾತ್ರಿ ಕೊತ್ವಾಲನ ಸವಾರರು ದೀವಟಿಗೆ ಹಿಡಿದು ಊರನ್ನು ಕಾಯುತ್ತಿದ್ದರೆಂದೂ ಅವನು ಬರೆದಿಟ್ಟಿದ್ದಾನೆ. ಸುಲ್ತಾನನು ತನ್ನ ತಾಯಿಯೊಡನೆಯೂ ಹೆಂಡತಿಯೊಡನೆಯೂ ವಿಹಾರಕ್ಕೆ ಹೊರಟರೆ 10,000 ಕುದುರೆ ಸವಾರರು, 50,000 ಕಾಲಾಳುಗಳು, ಬಂಗಾರದ ಕವಚ ತೊಟ್ಟ 200 ಆನೆಗಳು, 100 ಮಂದಿ ಕಹಳೆಯವರು, 100 ಮಂದಿ ಕುಣಿಯುವವರು, ಹಿಂದಿನಿಂದ 100 ಕೋತಿಗಳು ಸಾಗುತ್ತಿದ್ದವೆಂದು ಅವನ ಬರಹವು ಹೇಳುವದು. ಈ ಎಣಿಕೆಯಲ್ಲಿ ಪ್ರವಾಸಿಯ ಬೆರಗು ಸೇರಿರಬಹುದು. ಆದರೆ ಅದೇ ಲೇಖನಿಯಿಂದ ಅವನು ಇನ್ನೊಂದು ಮಾತನ್ನೂ ಬರೆದನು: ಇಲ್ಲಿಯ ಶ್ರೀಮಂತರು ಅತ್ಯಂತ ಸುಖಿಗಳು, ಹಳ್ಳಿಯ ಜನರು ಅತ್ಯಂತ ಬಡವರು. ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಊರ ಹೊರಗೆ ಹೋಗಲು ಅರಸನಿಗೇ ಅಷ್ಟು ಕಾವಲು ಬೇಕಾಗಿದ್ದ ಕಾಲದಲ್ಲಿ ಒಕ್ಕಲಿಗನ ಮನೆಯವರು ಯಾವ ನೆಮ್ಮದಿಯಿಂದ ದಾರಿ ನಡೆದಿದ್ದಾರು ಎಂಬದನ್ನು ವಾಚಕರೇ ಊಹಿಸಬಹುದು.

ಆ ಬಳಿಕ ಬಹಮನಿಯರು ಅಳಿದರು, ಬರೀದಶಾಹಿಗಳು ಬಂದರು, 1619ರಲ್ಲಿ ಬಿಜಾಪುರದವರು ಊರನ್ನು ತಮ್ಮ ವಶಕ್ಕೆ ತೆಗೆದುಕೊಂಡರು, 1657ರಲ್ಲಿ ಔರಂಗಜೇಬನು ಕೋಟೆಯನ್ನು ಗೆದ್ದನು, 18ನೆಯ ಶತಮಾನದಲ್ಲಿ ಅದು ನಿಜಾಮರ ಕೈಸೇರಿತು. ರಾಜಧಾನಿಯ ವೈಭವವು ಕುಗ್ಗಿದಂತೆ ಅರಮನೆಗಳು ಪಾಳುಬಿದ್ದವು. ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸೆಯು 1696ರಲ್ಲಿ ಸಿಡಿಲು ಬಡಿದು ಮದ್ದು ಸ್ಫೋಟಿಸಿದ್ದರಿಂದ ಅರ್ಧ ಕುಸಿಯಿತು. ಆದರೆ ಒಂದು ವಿಚಿತ್ರವನ್ನು ಕಾಣಬೇಕು. ಅರಸರು ಬಿಟ್ಟುಹೋದ ಜಾಗಗಳನ್ನು ಜನಸಾಮಾನ್ಯರು ಕ್ರಮೇಣ ತಮ್ಮವನ್ನಾಗಿ ಮಾಡಿಕೊಂಡರು. ಸುಲ್ತಾನನ ಹೊರತು ಯಾರೂ ಕಾಲಿಡಲಾರದ ಅಂಗಳದಲ್ಲಿ ಹುಡುಗರು ಗಾಳಿಪಟ ಹಾರಿಸತೊಡಗಿದರು. ರಂಗೀನ ಮಹಲಿನ ಮುತ್ತಿನ ಚಿಪ್ಪಿನ ಕೆತ್ತನೆಯನ್ನು ಹಳ್ಳಿಯಿಂದ ಬಂದ ಅಜ್ಜಿಯು ಮೊಮ್ಮಗನನ್ನು ಸೊಂಟದ ಮೇಲೆ ಕೂಡಿಸಿಕೊಂಡು ನೋಡುವಂತಾಯಿತು.

ನಿಜಾಮರ ಕಡೆಯ ಕಾಲದಲ್ಲಿಯೂ ಅನಂತರದ ಕೆಲವು ವರ್ಷಗಳಲ್ಲಿಯೂ ಬೀದರದ ದಿನಚರಿಯು ಹೀಗಿದ್ದಿತು. ಊರ ನಡುವೆ ಚೌಬಾರಾ ಎಂಬ 71 ಅಡಿ ಎತ್ತರದ ದುಂಡನೆಯ ಗೋಪುರ. ಅದರ ಬುಡದಲ್ಲಿ ದೊಡ್ಡ ಬೀದಿಗಳು ಕೂಡುವವು. ಬೀದಿಗಳ ನಡುವಿನ ವಸತಿಯು ನಾಲ್ಕು ಪಾಲಾಗಿ, ಪಾಲಿಗೊಂದರಂತೆ ತಾಲೀಮು ಇದ್ದಿತು. ಸಿದ್ದೀಕ ಶಹನ ತಾಲೀಮು, ನೂರ ಖಾನನ ತಾಲೀಮು, ಮನಿಹಾರ ತಾಲೀಮು, ಪನ್ಸಾಲ ತಾಲೀಮು ಎಂಬ ಹೆಸರುಗಳನ್ನು ಪುರಾತತ್ವವೇತ್ತರಾದ ಗುಲಾಮ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕೊಟ್ಟಿರುವರು. ತಾಲೀಮೆಂದರೆ ಗರಡಿಮನೆ. ಓಣಿಯ ತರುಣರು ಅಲ್ಲಿ ಸಾಮು ಮಾಡುವರು. ಸರದಿಯ ಜಗಳಗಳು ಅಲ್ಲಿಯೇ ಹುಟ್ಟಿ ಅಲ್ಲಿಯೇ ತೀರುವವು.

ಬೆಳಗಿನ ಝಾವದಲ್ಲಿ ಮಸೀದಿಯ ಬಾಂಗೂ ಗುಡಿಯ ಗಂಟೆಯೂ ಬಾವಿಯ ಗಡಗಡೆಯ ಸದ್ದೂ ಒಂದರ ಹಿಂದೊಂದು ಕೇಳುವವು. ಜಂಬಿಟ್ಟಿಗೆಯಲ್ಲಿ ತೋಡಿದ ಬಾವಿಗಳು ಆಳವಾಗಿರುವದರಿಂದ ನೀರು ಸೇದುವದು ದೊಡ್ಡ ಕೆಲಸ; ಅನುಕೂಲಸ್ಥರ ಮನೆಗೆ ಭಿಸ್ತಿಯು ಚರ್ಮದ ಚೀಲದಲ್ಲಿ ನೀರು ಹಾಕುವನು, ಉಳಿದವರ ಮನೆಯಲ್ಲಿ ಹೆಣ್ಣುಮಕ್ಕಳ ಕೈಯೇ ಭಿಸ್ತಿ. ಬಿಸಿಲೇರುವ ಮುಂಚೆಯೇ ಹಳ್ಳಿಯ ಬಂಡಿಗಳು ಜೋಳ, ತೊಗರಿ, ಉದ್ದು, ಕಟ್ಟಿಗೆ, ಕಣಿಕೆಗಳನ್ನು ಹೇರಿಕೊಂಡು ಫತೇ ದರವಾಜಾ, ಶಹಾಗಂಜ ದರವಾಜಾಗಳ ಮೂಲಕ ಒಳಗೆ ಬರುವವು. ವ್ಯವಹಾರವು ಹಾಲಿ ಸಿಕ್ಕೆಯಲ್ಲಿ; ಬ್ರಿಟಿಶ ಮುಲುಕಿನ ಕಲ್ದಾರ ರೂಪಾಯಿ 6ಕ್ಕೆ ಹಾಲಿ ರೂಪಾಯಿ ಸುಮಾರು 7. ಗಡಿಯ ಊರುಗಳಲ್ಲಿ ಈ ಲೆಕ್ಕವನ್ನು ಮಗ್ಗಿಯೊಡನೆಯೇ ಮಕ್ಕಳು ಕಲಿಯಬೇಕಾಗುತ್ತಿದ್ದಿತು.

ಊರಿನ ಹೆಸರನ್ನು ಲೋಕಕ್ಕೆ ಮುಟ್ಟಿಸಿದ ಬಿದರಿ ಕೆಲಸದವರ ಅಂಗಡಿಗಳೆಂದರೆ ಮಕ್ಕಳಿಗೆ ಬಿಟ್ಟಿಯ ನಾಟಕಶಾಲೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವರು. ಮೈಲುತುತ್ತದ ನೀರು ಬಳಿದು ಕಪ್ಪು ಮಾಡಿ, ಉಳಿಯಿಂದ ಹೂಬಳ್ಳಿ ಕೆತ್ತಿ, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುವರು. ಕೊನೆಗೆ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದಾಗ ಸತುವಿನ ಮೈ ಕಾಡಿಗೆಯಂತಾಗುವದು, ಬೆಳ್ಳಿ ಮಾತ್ರ ಹೊಳೆಯುವದು. ಆ ಕೊನೆಯ ಗಳಿಗೆಯನ್ನು ನೋಡುವದಕ್ಕಾಗಿ ಸಾಲೆಯ ಹೊತ್ತನ್ನು ಮರೆತು ನಿಂತ ಹುಡುಗರು ಪ್ರತಿಯೊಂದು ಪೀಳಿಗೆಯಲ್ಲಿಯೂ ಇದ್ದರು.

ಇಂಥ ದಿನಗಳ ನಡುವೆ ಮನೆಮಂದಿಯೆಲ್ಲ ಹೊರಡುವ ದಿನವು ಬಂದಿತೆಂದರೆ ಅದರ ಸಂಭ್ರಮವೇ ಬೇರೆ. ಪಟ್ಟಣದವರಿಗೆ ಅದು ಗೋಡೆಯ ಹೊರಗೆ ಹೋಗುವ ದಿನ. ಭಾಲ್ಕಿ, ಔರಾದ, ಕಮಲನಗರಗಳ ಕಡೆಯವರಿಗೆ ಪಟ್ಟಣವನ್ನು ಕಾಣುವ ದಿನ. ಕಮಲನಗರದ ಮನೆತನವೊಂದು ಬೀದರಕ್ಕೆ ಹೋಗುವದೆಂದರೆ ಹಿಂದಿನ ರಾತ್ರಿಯೇ ಒಲೆ ಉರಿಯತೊಡಗುವದು. ತೆಳ್ಳನೆಯ ಕಡಕ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹಿಂಡಿ, ಮೊಸರು, ಉಳ್ಳಾಗಡ್ಡಿ ಇವು ಗಂಟಿಗೆ ಸೇರುವವು. ಎರಡು ದಿನ ಕೆಡದೆ ಇರುವ ಬುತ್ತಿಯನ್ನು ಕಟ್ಟುವದು ಒಂದು ವಿದ್ಯೆ. ಅದನ್ನು ಸೊಸೆಯು ಅತ್ತೆಯಿಂದಲೇ ಕಲಿಯಬೇಕು. ನಿದ್ದೆಗೆಟ್ಟು ಬುತ್ತಿ ಮಾಡಿದವಳೇ ಮರುದಿನ ಎಲ್ಲರಿಗಿಂತ ಮುಂಚೆ ಸ್ಟೇಶನ್ನಿನ ದಾರಿ ಹಿಡಿಯುತ್ತಿದ್ದಳೆಂಬದನ್ನು ಮರೆಯಬಾರದು. ವರುಷದುದ್ದಕ್ಕೂ ಹೊಸ್ತಿಲಿನ ಒಳಗೇ ಇರುವ ಹೆಂಗಸಿಗೆ ಆ ಒಂದು ದಿನದ ಬೆಲೆಯು ಗಂಡಸರಿಗೆ ತಿಳಿಯುವಂಥದಲ್ಲ.

ವಿಕಾರಾಬಾದದಿಂದ ಬೀದರ, ಭಾಲ್ಕಿ, ಕಮಲನಗರ, ಉದಗೀರಗಳ ಮೇಲೆ ಪರಳಿಯ ಕಡೆಗೆ ಹೋಗುವ ಹಾದಿಯನ್ನು ನಿಜಾಮ ರೇಲ್ವೆಯವರು ಹಾಕಿದ ಮೇಲೆ ಈ ಪ್ರಯಾಣವು ಸುಲಭವಾಯಿತು. ಕಮಲನಗರವನ್ನು ಬಿಟ್ಟ ಗಾಡಿಯು ಎರೆಯ ಹೊಲಗಳ ನಡುವೆ ಸಾಗಿ ಮಾಂಜರಾ ನದಿಯನ್ನು ದಾಟುವದು. ಸೇತುವೆಯ ಮೇಲೆ ಗಾಲಿಗಳ ಸದ್ದು ಬದಲಾದೊಡನೆ ಹಿರಿಯರು ಕೈಮುಗಿದು ನದಿಗೆ ಒಂದು ಕಾಸು ಎಸೆಯುವರು. ಮಕ್ಕಳು ಆ ಕಾಸು ನೀರಿಗೆ ಬಿದ್ದಿತೊ ಕಂಬಕ್ಕೆ ತಾಗಿತೊ ಎಂದು ವಾದಿಸುವರು. ಭಾಲ್ಕಿಯಾಯಿತು, ಹಾಲಬರ್ಗೆಯಾಯಿತು, ಖಾನಾಪುರವಾಯಿತು ಎನ್ನುವಷ್ಟರಲ್ಲಿ ಕಿಟಕಿಯ ಹೊರಗಿನ ಕಪ್ಪು ನೆಲವು ಕೆಂಪಾಗಿರುವದು. ನೆಲದ ಬಣ್ಣ ತಿರುಗಿದರೆ ಬೀದರ ಬಂದಿತೆಂದು ಅರಿಯುವದು ಆ ದಾರಿಯ ಮಕ್ಕಳ ಮೊದಲನೆಯ ಭೂಗೋಳದ ಪಾಠ.

ಪಟ್ಟಣವನ್ನು ಸೇರಿದ ಮನೆತನಗಳು ಬಹುಶಃ ಮೊದಲು ಹೋಗುತ್ತಿದ್ದದ್ದು ಝರಣಿ ನರಸಿಂಹನ ಸನ್ನಿಧಿಗೆ. ಮಂಗಲಪೇಟೆಯ ಆಚೆ ಇಳಿಜಾರಿನಲ್ಲಿ ಬೆಟ್ಟವನ್ನು ಕೊರೆದ ಸುರಂಗವೊಂದಿದೆ. ಅದರಲ್ಲಿ ಸದಾ ನೀರು ನಿಂತಿರುವದು. ಎದೆಮಟ್ಟದ ನೀರಿನಲ್ಲಿ ನಡೆದು, ಮಕ್ಕಳನ್ನು ಹೆಗಲ ಮೇಲೆ ಹೊತ್ತು, ತಲೆಯ ಮೇಲೆ ತೂಗುವ ಬಾವಲಿಗಳ ಕೆಳಗೆ ಸಾಗಿದವರಿಗೆ ಕೊನೆಯಲ್ಲಿ ನರಸಿಂಹನೂ ಶಿವಲಿಂಗವೂ ಒಂದೆಡೆಯಲ್ಲಿಯೇ ದರ್ಶನ ಕೊಡುವರು. ಶಿವಭಕ್ತನಾದ ರಾಕ್ಷಸನನ್ನು ನರಸಿಂಹನು ಸಂಹರಿಸಿದಾಗ ಅವನೇ ನೀರಾಗಿ ದೇವರ ಪಾದದಲ್ಲಿ ಹರಿದನೆಂಬದು ಸ್ಥಳಪುರಾಣ. ಈಗ ಅಲ್ಲಿ ವಿದ್ಯುದ್ದೀಪಗಳಿವೆ. ಹಿಂದೆ ಕೈದೀಪದ ಬೆಳಕೇ ಗತಿ. ಕತ್ತಲೆಗೆ ಹೆದರಿದ ಮಗುವು ಅಪ್ಪನ ತಲೆಗೂದಲನ್ನು ಬಿಗಿಯಾಗಿ ಹಿಡಿದು ಹೋದದ್ದು, ಹೊರಬಂದ ಮೇಲೆ ತಾನು ಹೆದರಲಿಲ್ಲವೆಂದು ಎಲ್ಲರಿಗೂ ಹೇಳಿಕೊಂಡದ್ದು ಈ ಸೀಮೆಯ ಎಷ್ಟೋ ಮನೆಗಳಲ್ಲಿ ಹೇಳುವ ಕಥೆ. ಅಲ್ಲಿಯೇ ಸಮೀಪದಲ್ಲಿ ಮೊಗಲ ಸುಭೇದಾರನಾದ ಮುಖ್ತಾರ ಖಾನನು 1671ರಲ್ಲಿ ಕಟ್ಟಿಸಿದ ಫರಹ ಬಾಗಿನ ಮಸೀದಿಯಿದೆ. ಆ ಸುಭೇದಾರನನ್ನೂ ನರಸಿಂಹನ ಭಕ್ತರನ್ನೂ ಒಂದೇ ನೀರು ಅಲ್ಲಿಗೆ ಕರೆಯಿತೆಂಬದು ಸ್ಪಷ್ಟ.

ಪಾಪನಾಶದ ಶಿವಾಲಯವೂ ಹೀಗೆಯೇ ತಗ್ಗಿನಲ್ಲಿ, ಕೆರೆಯ ಬದಿಯಲ್ಲಿದೆ. ಲಂಕೆಯಿಂದ ಮರಳುವಾಗ ಶ್ರೀರಾಮನು ಲಿಂಗವನ್ನು ಸ್ಥಾಪಿಸಿದನೆಂದು ಜನರು ನಂಬುವರು. ಶಿವರಾತ್ರಿಯಲ್ಲಿ ಅಲ್ಲಿ ಕಾಲಿಡಲು ಸ್ಥಳವಿರುವದಿಲ್ಲ. ನಾನಕ ಝೀರಾದ ಕಥೆಯು ಇನ್ನೂ ಮನೋಹರವಾದದ್ದು. 16ನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಯಾತ್ರೆಗೆ ಬಂದ ಗುರು ನಾನಕರು ಬೀದರದಲ್ಲಿ ತಂಗಿದ್ದಾಗ, ಜನರು ಸಿಹಿನೀರಿಲ್ಲವೆಂದು ಮೊರೆಯಿಡಲು, ಅವರು ಪಾದುಕೆಯಿಂದ ಕಲ್ಲೊಂದನ್ನು ಸರಿಸಿದರಂತೆ. ಒಡನೆಯೇ ಝರಿಯು ಹೊರಟಿತಂತೆ. ಗುರು ಗೋವಿಂದ ಸಿಂಹರು 1699ರಲ್ಲಿ ಆರಿಸಿದ ಐವರು ಪ್ರಿಯ ಶಿಷ್ಯರಲ್ಲಿ ಒಬ್ಬರಾದ ಭಾಯಿ ಸಾಹೇಬ ಸಿಂಹರು ಬೀದರದವರೇ. ಝರಿಯ ಬಳಿಯ ಗುರುದ್ವಾರವು 1948ರಲ್ಲಿ ನಿರ್ಮಿತವಾಯಿತು. ಅಲ್ಲಿಯ ಲಂಗರಿನ ಪಂಕ್ತಿಯಲ್ಲಿ ಯಾರ ಕುಲಗೋತ್ರವನ್ನೂ ಯಾರೂ ಕೇಳುವದಿಲ್ಲ. ಹಿಂದುಗಳು ಒಬ್ಬರೊಡನೊಬ್ಬರು ಕೂಡಿ ಉಣ್ಣುವದಿಲ್ಲವೆಂದು ನಿಕಿತಿನ್ ಆಶ್ಚರ್ಯಪಟ್ಟು ಬರೆದ ಊರಿನಲ್ಲಿಯೇ ಈ ಪಂಕ್ತಿಯು ನಡೆಯುತ್ತಿರುವದು ಸಣ್ಣ ಸಂಗತಿಯಲ್ಲ.

ಏಕೆಂದರೆ ಈ ವಿಹಾರದ ಸುಖವು ಎಲ್ಲರಿಗೂ ಸಮವಾಗಿ ದೊರೆಯುತ್ತಿರಲಿಲ್ಲವೆಂಬ ಸತ್ಯವನ್ನು ಮುಚ್ಚಿಡಬಾರದು. ಒಂದು ಮನೆಯವರು ಬಂಡಿ ಕಟ್ಟಿ ಜಾತ್ರೆಗೆ ಹೊರಟರೆ ಅವರ ಎತ್ತುಗಳನ್ನೂ ಹೊಲವನ್ನೂ ಕಾಯಲು ಜೀತದಾಳು ಹಿಂದುಳಿಯಬೇಕಾಗಿದ್ದಿತು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಗುಡಿಯ ಶಿಖರವನ್ನು ದೂರದಿಂದ ನೋಡಿ ಮರಳಬೇಕಾಗಿದ್ದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಮೇಲೆಯೂ ದಾರಿಗಳೆಲ್ಲ ಒಂದೇ ದಿನದಲ್ಲಿ ತೆರೆಯಲಿಲ್ಲ. ಬಾಲ್ಯದ ಸವಿನೆನಪುಗಳನ್ನು ಬರೆಯುವವರು ಆ ದಾರಿಯ ಅಂಚಿನಲ್ಲಿ ನಿಂತು ನೋಡಿದ ಮಕ್ಕಳನ್ನೂ ನೆನೆಯತಕ್ಕದ್ದು.

ಅಷ್ಟೂರಿನ ಜಾತ್ರೆಯು ಬೀದರಕ್ಕೇ ವಿಶಿಷ್ಟವಾದದ್ದು. ಊರ ಪೂರ್ವಕ್ಕೆ ಬಯಲಿನಲ್ಲಿ ಬಹಮನಿ ಅರಸರ ಗುಮ್ಮಟಗಳ ಸಾಲಿದೆ. ಅವುಗಳಲ್ಲಿ ಅಹಮದ ಶಹನ ಗುಮ್ಮಟದ ಒಳಮೈಯೆಲ್ಲ ಬಂಗಾರದ ಬಣ್ಣದ ಚಿತ್ರಗಳಿಂದಲೂ ಅಕ್ಷರಗಳಿಂದಲೂ ತುಂಬಿದೆ. ಬಿಸಿಲನ್ನು ಕನ್ನಡಿಯಿಂದ ಒಳಗೆ ಹಾಯಿಸಿ ಆ ಚಿತ್ರಗಳನ್ನು ತೋರಿಸುವ ಪದ್ಧತಿಯುಂಟು. ಕತ್ತಲೆಯ ಗೋಡೆಯ ಮೇಲೆ ಬೆಳಕಿನ ತುಂಡು ಓಡಾಡುವದನ್ನು ಕಂಡ ಮಗುವು ಅದನ್ನು ಮುಪ್ಪಿನವರೆಗೂ ಮರೆಯಲಾರದು. ಮುಸಲ್ಮಾನರಿಗೆ ಈ ಅರಸನು ವಲಿ. ಲಿಂಗವಂತರಲ್ಲಿ ಅನೇಕರಿಗೆ ಅವನು ಅಲ್ಲಮಪ್ರಭುವಿನ ಅವತಾರ. ಅವನ ಉರುಸು ಹಿಜರಿ ಲೆಕ್ಕದಿಂದಲ್ಲ, ಹಿಂದೂ ಪಂಚಾಂಗದ ಲೆಕ್ಕದಿಂದ ಹೋಳಿಯ ನಂತರ ನಡೆಯುವದು. ಕಲಬುರ್ಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರೊಬ್ಬರು ಪರಿವಾರದೊಡನೆ ಬಂದು ಗೋರಿಗೆ ಹೂ ಏರಿಸಿ ಕಾಯಿ ಒಡೆಯುವ ಸಂಪ್ರದಾಯವು ಬಹಳ ಹಳೆಯದು. ಮಗುವಿನ ಕೈಗೆ ಬೆಂಡು ಬೆತ್ತಾಸು, ತಾಯಿಯ ಸೆರಗಿಗೆ ಬಳೆಯ ಗಂಟು, ಅಜ್ಜನ ಹಣೆಗೆ ವಿಭೂತಿ, ಪಕ್ಕದಲ್ಲಿ ಹಸಿರು ಚಾದರ ಹೊತ್ತವರ ಮೆರವಣಿಗೆ. ಇವೆಲ್ಲ ಒಂದೇ ಬಯಲಿನಲ್ಲಿ ಇರಬಹುದೆಂಬ ಪಾಠವನ್ನು ಯಾವ ಸಾಲೆಯ ಪುಸ್ತಕವೂ ಅಷ್ಟು ಚೆನ್ನಾಗಿ ಕಲಿಸಲಾರದು.

ಖಾನಾಪುರದ ಬಳಿಯ ಮೈಲಾರಕ್ಕೆ ಮಲ್ಲಣ್ಣನ ದರ್ಶನಕ್ಕೆ ಹೋಗುವವರ ಗುಂಪು ಇನ್ನೊಂದು ಬಗೆಯದು. ಚಂಪಾಷಷ್ಠಿಯ ಸುಮಾರಿಗೆ ಕನ್ನಡಿಗರೂ ಮರಾಠಿಗರೂ ತೆಲುಗರೂ ಅಲ್ಲಿ ಕೂಡುವರು. ಭಂಡಾರದ ಅರಿಷಿಣದಿಂದ ಬಂಡಿಯ ಎತ್ತುಗಳ ಕೊಂಬು ಸಹ ಹಳದಿಯಾಗುವದು. 1956ಕ್ಕೆ ಮೊದಲು ಬೀದರ ಜಿಲ್ಲೆಯೇ ಮೂರು ನುಡಿಗಳ ಕೂಡುದಾಣವಾಗಿದ್ದಿತು. ಉದಗೀರ, ಅಹಮದಪುರ, ನಿಲಂಗಾಗಳೂ ಜಹೀರಾಬಾದ, ನಾರಾಯಣಖೇಡಗಳೂ ಇದರಲ್ಲಿಯೇ ಇದ್ದವು. ಇವುಗಳ ಮೇಲೆ ಆಡಳಿತದ ಭಾಷೆಯಾಗಿ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿಯೇ ಉಚ್ಚ ಶಿಕ್ಷಣ ಕೊಟ್ಟಿತು. ಆ ಸಾಹಸವು ಒಂದು ದೇಶೀಯ ಭಾಷೆಗೆ ಗೌರವ ತಂದಿತಾದರೂ, ಕನ್ನಡದ ಮಗುವಿಗೆ ತನ್ನ ನುಡಿಯು ಅಡಿಗೆಮನೆಯದು, ಓದು ಪರರದು ಎಂಬ ಭಾವನೆಯನ್ನೂ ಉಂಟುಮಾಡಿತು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠವನ್ನೇರಿದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅವರು ಸಾಲೆಯೊಳಗೆ ಮಾಡಿದ ಕೆಲಸವನ್ನು ಜಾತ್ರೆಯ ಬಯಲು ತನ್ನ ರೀತಿಯಲ್ಲಿ ಮಾಡಿತು. ಫಲಕವಿಲ್ಲದ ಆ ಸಾಲೆಯಲ್ಲಿ ಕನ್ನಡವು ಬಾಯಿಬಿಟ್ಟು ಮಾತಾಡಿತು, ಹಾಡಿತು, ಚೌಕಾಸಿ ಮಾಡಿತು. ಮರಾಠಿ, ತೆಲುಗು, ಉರ್ದುಗಳೊಡನೆ ಹೆಗಲು ತಾಗಿಸಿ ನಿಂತಿತು.

ಎಲ್ಲಕ್ಕಿಂತಲೂ ಮನೆಮಂದಿಗೆ ಪ್ರಿಯವಾದದ್ದು ಎಳ್ಳಮಾವಾಸ್ಯೆ. ಆ ದಿನ ಬೀದರ, ಭಾಲ್ಕಿ, ಕಮಲನಗರಗಳ ಪೇಟೆಗಳು ಬರಿದಾಗುವವು. ಗಡಿಯಾಚೆಯ ಉದಗೀರ, ಲಾತೂರಗಳಲ್ಲಿಯೂ ಹೀಗೆಯೇ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುವರು. ಕರೆಯದೆ ಬಂದವರಿಗೂ ಎಡೆ ತಪ್ಪದು. ತರತರದ ಹಸಿಕಾಳು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಹೋಳಿಗೆ, ಮಣ್ಣಿನ ಗಡಿಗೆಯಲ್ಲಿ ಹುಳಿಯಿಟ್ಟ ಅಂಬಲಿ ಇವನ್ನು ತಲೆಯ ಮೇಲೆ ಹೊತ್ತು ಹೆಂಗಸರು ಬದುವಿನ ಮೇಲೆ ಸಾಲಾಗಿ ನಡೆಯುವರು. ಜೋಳದ ದಂಟಿನ ಚಿಕ್ಕ ಗುಡಿಸಲಿನಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ಭೂಮಿಗೆ ಉಣಿಸಿದ ಮೇಲೆ ತಾವು ಉಣ್ಣುವರು. ಗರ್ಭಿಣಿಯಾದ ಮಗಳಿಗೆ ಸೀಮಂತ ಮಾಡಿದಂತೆ ತೆನೆ ಹೊತ್ತ ನೆಲಕ್ಕೆ ಮಾಡುವ ಈ ಉಪಚಾರದಲ್ಲಿ ಊಟವೇ ಪೂಜೆ, ನಡಿಗೆಯೇ ಯಾತ್ರೆ.

ಇಂಥ ದಾರಿಗಳೆಲ್ಲ ಒಮ್ಮೆಲೆ ನಿರ್ಜನವಾದ ಕಾಲವೂ ಬಂದಿತು. 1947–48ರಲ್ಲಿ ರಜಾಕಾರರ ಹಾವಳಿಯಿಂದ ಈ ಸೀಮೆಯ ಎಷ್ಟೋ ಮನೆತನಗಳು ರಾತ್ರೋರಾತ್ರಿ ಗಡಿ ದಾಟಿದವು. 1948ರ ಮೇ ತಿಂಗಳಿನಲ್ಲಿ ಗೋರಟಾ ಗ್ರಾಮದಲ್ಲಿ ಹತ್ಯಾಕಾಂಡವು ನಡೆಯಿತು. ಅದೇ ವರ್ಷದ ಸಪ್ಟಂಬರದ ಪೋಲೀಸ ಕಾರ್ಯಾಚರಣೆಯ ನಂತರ ನಿರಪರಾಧಿಗಳಾದ ಅನೇಕ ಮುಸಲ್ಮಾನ ಕುಟುಂಬಗಳು ಪ್ರಾಣ ಕಳೆದುಕೊಂಡವು. ಸುಂದರಲಾಲ ಸಮಿತಿಯು ಬಹಳ ಹಾನಿಗೊಳಗಾದ ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಆ ತಿಂಗಳುಗಳಲ್ಲಿ ಯಾವ ಮನೆಯವರೂ ಬುತ್ತಿ ಕಟ್ಟಲಿಲ್ಲ. ಕಟ್ಟಿದ ಗಂಟುಗಳೆಲ್ಲ ಓಡಿಹೋಗುವವರ ಗಂಟುಗಳು. ಭಯವೆಂದರೇನು ಎಂಬದನ್ನು ತಿಳಿಯಲು ಬೇರೆ ದಾಖಲೆ ಬೇಡ. ಆಮೇಲೆ ಬೇಸಾಯವು ಮತ್ತೆ ನಡೆಯಿತು. ಅಷ್ಟೂರಿನ ಬಯಲಿಗೆ ಜಂಗಮರೂ ಬಂದರು, ಚಾದರದವರೂ ಬಂದರು. ಯಾರೂ ಸಭೆ ಕೂಡಿಸಿ ಠರಾವು ಮಾಡಲಿಲ್ಲ. ಮೊದಲ ವರ್ಷ ಅಂಜುತ್ತ ಕೆಲವರು, ಮರುವರ್ಷ ಮಕ್ಕಳೊಡನೆ ಹಲವರು ಎಂಬಂತೆ ಊರು ತನ್ನ ಗಾಯವನ್ನು ತಾನೇ ಮಾಯಿಸಿಕೊಂಡಿತು.

1956ರ ನವ್ಹಂಬರ 1ರಂದು ಬೀದರವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಕಮಲನಗರವು ಇತ್ತೀಚೆಗೆ ಔರಾದದಿಂದ ಬೇರ್ಪಟ್ಟು ತಾನೇ ಒಂದು ತಾಲೂಕಿನ ಊರಾಗಿದೆ. ಇಂದು ಟಾಂಗಾ ಹೋಗಿ ಮೋಟಾರು ಬಂದಿದೆ. ಬುತ್ತಿಯ ಬದಲು ಖಾನಾವಳಿಯಿದೆ. ಇದಕ್ಕಾಗಿ ಮರುಗಬೇಕಾಗಿಲ್ಲ. ರಾತ್ರಿಯೆಲ್ಲ ರೊಟ್ಟಿ ಬಡಿದವಳಿಗೆ ಈಗ ಸ್ವಲ್ಪ ನಿದ್ದೆ ದೊರೆತರೆ ಅದು ಲಾಭವೇ. ಮರುಗಬೇಕಾದದ್ದು ನೀರಿನ ವಿಷಯದಲ್ಲಿ. ನೌಬಾದದ ಸುರಂಗಬಾವಿಯೆಂಬ ಕಾರೇಜು ಬಹಮನಿಯರ ಕಾಲದ್ದು. ಜಂಬಿಟ್ಟಿಗೆಯ ಒಡಲಿನಲ್ಲಿ ಕೊರೆದ ಕಾಲುವೆಗೆ ಅಲ್ಲಲ್ಲಿ ಗಾಳಿಬಾವಿಗಳನ್ನಿಟ್ಟು ನೀರನ್ನು ದೂರದವರೆಗೆ ಹರಿಸಿದ್ದರು. ಕಾಲಾಂತರದಲ್ಲಿ ಅದರಲ್ಲಿ ಹೂಳು ತುಂಬಿತು, ಮೇಲೆ ಕಟ್ಟಡಗಳು ಬಂದು ಕೆಲವು ಗಾಳಿಬಾವಿಗಳು ಮುಚ್ಚಿಹೋದವು. 2015ರ ಸುಮಾರಿಗೆ ಹೂಳು ತೆಗೆದಾಗ ಶತಮಾನಗಳ ಹಿಂದಿನ ಕಾಲುವೆಯು ಮತ್ತೆ ಕಣ್ಣಿಗೆ ಬಿದ್ದಿತು. ನೆಲದೊಳಗೆ ಇಳಿಯುವ ಮಳೆನೀರಿಗೆ ದಾರಿಯಿಲ್ಲದಂತೆ ಪ್ರಸ್ಥಭೂಮಿಯನ್ನೆಲ್ಲ ಹಾಸುಗಲ್ಲಿನಿಂದ ಮುಚ್ಚಿದರೆ, ಅಂಚಿನ ಝರಿಗಳು ಎಷ್ಟು ಕಾಲ ಹರಿದಾವು? ಝರಿ ನಿಂತ ದಿನ ಜನರು ಕೂಡುವ ಜಾಗವೂ ಹೋಗುವದು; ಆ ಜಾಗದಲ್ಲಿ ಬೆಳೆದ ಪರಸ್ಪರ ಪರಿಚಯವೂ ಸಡಿಲುವದು.

ಆದಕಾರಣ ಎರಡು ಕೆಲಸಗಳು ಅವಶ್ಯವಾಗಿವೆ. ಮೊದಲನೆಯದು, ಝರಿ, ಕುಂಡ, ಕಾರೇಜುಗಳನ್ನು ಕೋಟೆ ಗುಮ್ಮಟಗಳಷ್ಟೇ ಜೋಕೆಯಿಂದ ಕಾಪಾಡುವದು. ಎರಡನೆಯದು, ಪ್ರತಿಯೊಂದು ಮನೆಯಲ್ಲಿಯೂ ಹಿರಿಯರು ಬಾಲ್ಯದಲ್ಲಿ ಎಲ್ಲಿಗೆ, ಯಾವ ದಾರಿಯಿಂದ, ಯಾರ ಜೊತೆಗೆ ಹೋದರು, ಏನು ಉಂಡರು ಎಂಬದನ್ನು ಅವರಿರುವಾಗಲೇ ಕೇಳಿ ಬರೆದಿಡುವದು. ಮನೆಯ ಹೆಂಗಸರನ್ನು ಮೊದಲು ಕೇಳಬೇಕು. ಗಂಡಸರು ಮರೆತದ್ದು ಅವರಿಗೆ ನೆನಪಿರುವದು. ಸುಲ್ತಾನನ ವಿಹಾರವನ್ನು ಬರೆದಿಡಲು ದೂರದ ರಶಿಯಾದಿಂದ ಒಬ್ಬನು ಬಂದನು. ಕಮಲನಗರದ ತಾಯಿಯ ವಿಹಾರವನ್ನು ಬರೆದಿಡುವ ಕರ್ತವ್ಯವು ಅವಳ ಮೊಮ್ಮಕ್ಕಳದೇ ಆಗಿದೆ.